ಪರಸಿ ಮ್ಯಾಲ ಎಂಟು ಅಂಕಿ

ಅಕ್ಷರಕ್ಕ ಮೂವತ್ತು ರೂಪಾಯಿ ಅಂದೆ.
ಅಂಕಿಗೂ ಅಷ್ಟೇ.
ಗೋರಿ ಕಲ್ಲಾದರ ಐದು ಕಮ್ಮಿ;
ಸತ್ತವರ ಹತ್ರ ಚೌಕಾಸಿ ಬ್ಯಾಡ ಅಂತ
ನಮ್ಮಪ್ಪನ ಕಾಲದ ರೂಢಿ.

ನೀಲಾಂಬಿಕಾ ಟೀಚರ್ ಚೀಟಿ ಕೊಟ್ಟರು.
ಹೆಸರಿಲ್ಲ, ತಾರೀಖಿಲ್ಲ,
ಓಂ ಇಲ್ಲ, ಬಿಸ್ಮಿಲ್ಲಾ ಇಲ್ಲ.
೭೩೯೩೯೧೩೩.
ಫೋನ್ ನಂಬರೇನ್ರಿ? ಎರಡು ಅಂಕಿ ಕಮ್ಮಿ ಬಿದ್ದಾವ.
ನಕ್ಕು ಓದಿದರು:
ಏಳು ಕೋಟಿ ಮೂವತ್ತೊಂಬತ್ತು ಲಕ್ಷ...
ಪಾಲಿಶ್ ಮಿಷನ್ ಮುಂದ ಕುಂತ ಮಲ್ಕ್ಯಾ
ಪೂರಾ ಕೇಳಲೇ ಇಲ್ಲ,
ಕೈ ಎತ್ತಿ ‘ಏಳು ಕೋಟಿಗೋ!’ ಅಂತ ಕೂಗೇ ಬಿಟ್ಟ.

ಇದು ಒಡಿಯದ ಸಂಖ್ಯಾ, ಲಾಡ್ಲೆಸಾಬ, ಅಂದರು.
ಇಬ್ಬರಿಗೆ ಹಂಚಿದರ ಒಂದು ಉಳೀತದ,
ಮೂವರಿಗೆ ಹಂಚಿದರ ಎರಡು,
ಏಳು ಮಂದಿಗೆ ಹಂಚಿದರ ಮತ್ತ ಎರಡು.
ಶಹಾಬಾದಿನ ಮಂದಿನೆಲ್ಲಾ ಸಾಲಿಗಿ ನಿಲ್ಲಿಸಿದರೂ
ಸಮಪಾಲು ಆಗಲ್ಲ.

ಅಕ್ಕೋರೆ, ಈ ಊರಾಗ ಒಡಿಯದ್ದು ಅಂತ
ಒಂದರ ಅದೇನ್ರಿ?
ಖಣಿಯಾಗ ಕಲ್ಲು ಹಾಳಿ ಹಾಳಿ ಏಳ್ತದ,
ಉಳಿ ಇಟ್ಟು ಒಂದು ಪೆಟ್ಟು ಸಾಕು,
ಚಪಾತಿ ಪದರ ಬಿಟ್ಟಂಗ.
ಅವರು ಏನೂ ಅನ್ನಲಿಲ್ಲ.
ಚೀಲದಾಗಿಂದ ಅಡ್ವಾನ್ಸ್ ತೆಗೆದರು.

ಏಳು ಕೆತ್ತಿದೆ. ಚಹಾ ಬಂತು.
‘ನಿಲ್ಲು, ಕುಡಿ. ಏಳೂ ಒಡಿಯಲ್ಲ.’
ಎಪ್ಪತ್ಮೂರಕ್ಕ ಸುತ್ತಿಗಿ ಕಾವು ಸಡಿಲಾತು.
‘ಎಪ್ಪತ್ಮೂರೂ ಒಡಿಯಲ್ಲ.’
ಏಳುನೂರಾ ಮೂವತ್ತೊಂಬತ್ತಕ್ಕ ಅಜಾನ್ ಕೇಳಿಸ್ತು.
ನಮಾಜು ಮುಗಿಸಿ ಬಂದರ
ಟೀಚರ್ ಅಲ್ಲೇ ಸ್ಟೂಲಿನ ಮ್ಯಾಲ,
ಮಡಿಲಾಗ ಕಲ್ಲಿನ ಧೂಳು.
‘ಎಲ್ಲಿ ಬಿಟ್ಟು ಎದ್ದು ಹೋದರೂ
ಇದು ಅರ್ಧ ಆಗಲ್ಲ ನೋಡು, ಸಾಬ.’

ಇಷ್ಟು ವರ್ಷದಾಗ ಹಿಂಗಂದ ಗಿರಾಕಿ ಇಲ್ಲ.
‘ಶರಣ’ ತನಕ ಕೆತ್ತಿ ಮನಿಗಿ ಹೋದರ
ಸತ್ತದ್ದು ಶರಣಪ್ಪನೋ ಶರಣಮ್ಮನೋ
ಆ ರಾತ್ರಿ ಕಲ್ಲಿಗೂ ಗೊತ್ತಿರಲ್ಲ.

ಮೂರನೇ ದಿನ ಎಂಟೂ ಮುಗಿದವು.
ಬಲಕ್ಕ ಒಂದು ಗೇಣು ಜಾಗ ಉಳೀತು.
ಇನ್ನೊಂದು ಹಾಕ್ಲೇನ್ರಿ, ಪುಕ್ಕಟ?
ತಲಿ ಅಲ್ಲಾಡಿಸಿದರು.
ಸೊನ್ನಿ, ಎರಡು, ನಾಕು, ಆರು, ಎಂಟು
ಯಾವುದು ಹಾಕಿದರೂ ಎರಡಕ್ಕ ಒಡೀತದ,
ಐದು ಹಾಕಿದರ ಐದಕ್ಕ.
ಒಂದು ಬ್ಯಾಡ, ಏಳು ಬ್ಯಾಡ, ಮೂರಕ್ಕ ಸೀಳ್ತಾವ.
ಮೂರು, ಒಂಬತ್ತು ಮಾತ್ರ
ಭಾಳ ದಿನ ಆಸೆ ತೋರಿಸಿದವಂತ,
ಗಂಡ ಮಲಗಿದ ಮ್ಯಾಲ ಲೈಟ್ ಹಚ್ಚಿ ಕುಂತು
ಎಷ್ಟು ನೋಟ್‌ಬುಕ್ ತುಂಬಿಸಿದರೋ,
ಕಡೀಕ ಅವೂ ಒಡೆದವಂತ.
‘ಈ ಕುಲದಾಗ ಇದೇ ಎಲ್ಲಕ್ಕಿಂತ ದೊಡ್ಡದು.
ಇದರ ಮುಂದ ಯಾವುದೂ ಇಲ್ಲ.’

ಗೇಣು ಜಾಗ ಖಾಲಿ ಬಿಟ್ಟೆ.
ಗೋರಿ ಕಲ್ಲಿನ ಮ್ಯಾಲೂ ಬಿಡಸ್ತಾರ,
ಹಿಂದಿಂದ ಬರೋರ ಹೆಸರಿಗೆ.
ಇದು ಹಂಗಲ್ಲ.

ಪರಸಿ ಸಾಲಿ ಮೆಟ್ಟಿಲಿಗೆ ಹೋತು.
ಮಳಿ ಬಿತ್ತು, ಚಪ್ಪಲಿ ತಿಕ್ಕಿದವು,
ಟೀಚರ್ ರಿಟೈರ್ ಆಗಿ ಬೀದರಿಗೆ ಹೋದರು.
ಹ್ವಾದ ವರ್ಷ ಸಿಮೆಂಟ್ ಟ್ರ್ಯಾಕ್ಟರ್ ಹಿಂದಕ್ಕ ಬಂದು
ಬಲ ತುದಿ ಮುರೀತು,
ಖಾಲಿ ಗೇಣಿನ ಸಂಗಟ ಕಡಿ ಎರಡೂ ಅಂಕಿ.

ಅಂಟು, ಕಲ್ಲಿನ ಪುಡಿ ತಗೊಂಡು ಓಡಿದೆ.
ಮೆಟ್ಟಿಲ ಮ್ಯಾಲ ಒಂದು ಹುಡುಗಿ,
ಆರನೇತ್ತೆ ಇದ್ದೀತು,
ಹಾಳಿ ತುಂಬ ಭಾಗಾಕಾರ.
೭೩೯೩೯೧.
‘ಮುಟ್ಟಬ್ಯಾಡ ಕಾಕಾ,
ನೂರಾ ಒಂದರ ತನಕ ನೋಡೀನಿ,
ಇನ್ನಾ ಒಡೆದಿಲ್ಲ.’

ಮುರಿದ ತುಂಡು ಮನಿಗಿ ತಂದೆ.
ಗಾಳಿಗೆ ಬಾಗಲಾ ಬಡೀಬಾರದಂತ
ಅಡ್ಡ ಇಟ್ಟೀನಿ.
ಕತ್ತಲದಾಗ ಕಾಲಿಗಿ ತಾಕಿದಾಗೊಮ್ಮೆ
ಬೈಯೋದು ಬಿಟ್ಟು ಎಣಸ್ತೀನಿ.
ಮೂವತ್ಮೂರು.
ಹನ್ನೊಂದು ಮೂರ್ಲೆ.
ಇದು ಒಡೀತದ.